ಹೊಣಕೆರೆಗೆ ನೂರೈವತ್ತೇಳು ಮಿಲಿಮೀಟರ್

ಒಂದಾನೊಂದು ಕಾಲ ಎಂದರೆ ತೀರ ಹಿಂದಕ್ಕೆ ಹೋಗಬೇಡಿ, ಹೋದ ವೈಶಾಖ. ಏಳು ಸಮುದ್ರ ದಾಟುವುದೂ ಬೇಡ, ಕಾವೇರಿಯೊಂದನ್ನು ದಾಟಿದರೆ ಸಾಕು. ಅಲ್ಲಿ ನಾಲ್ಕು ತಾಲ್ಲೂಕುಗಳ ಒಂದು ಸೀಮೆ. ಆ ಸೀಮೆಯ ಮೇಲೆ ಮೂವತ್ತು ವರ್ಷ ಸುರಿದ ಮಳೆಯನ್ನೆಲ್ಲ ಹಿಡಿದು ಒಂದು ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಪೆಟ್ಟಿಗೆಗೊಬ್ಬ ಕಾವಲುಗಾರ. ಕಥೆಗಳ ಕಾವಲುಗಾರರಂತೆ ಅವನಿಗೆ ಮೂರು ತಲೆಗಳಿರಲಿಲ್ಲ. ಇದ್ದ ಒಂದನ್ನೂ ಅವನು ಮಿತವಾಗಿಯೇ ಬಳಸುತ್ತಿದ್ದ. ಅವನೇ ನಮ್ಮ ನಾಗರಾಜು ಚಿಕ್ಕಪ್ಪ.

ನನ್ನ ಅಜ್ಜಿ ಸಿದ್ದಲಿಂಗಮ್ಮ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಗಿಳಿಯ ಹೊಟ್ಟೆಯಲ್ಲಿ ಇರುತ್ತಿತ್ತು. ಈ ಕಥೆಯಲ್ಲಿ ಮಂಚಯ್ಯನವರೆಂಬ ಮರ್ಯಾದಸ್ಥರೊಬ್ಬರ ಮಾನ ಒಂದು ಕಂಪ್ಯೂಟರ್ ಫೈಲಿನ ಹೊಟ್ಟೆಯಲ್ಲಿತ್ತು. ಗಿಳಿಗಾದರೂ ರೆಕ್ಕೆ ಇರುತ್ತದೆ, ಹಾರಿ ತಪ್ಪಿಸಿಕೊಳ್ಳುತ್ತದೆ. ಫೈಲಿಗೆ ನಮ್ಮ ಚಿಕ್ಕಪ್ಪ ಬಿಟ್ಟರೆ ಗತಿಯಿರಲಿಲ್ಲ.

ಚಿಕ್ಕಪ್ಪ ಪಾಂಡವಪುರದ ಮಳೆ ಮಾಹಿತಿ ಕೇಂದ್ರದಲ್ಲಿ ಗುತ್ತಿಗೆ ನೌಕರ. ಹಳ್ಳಿಗಳಿಂದ ಬರುವ ಮಳೆಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವುದು ಅವನ ಕೆಲಸ. ವಯಸ್ಸು ಮೂವತ್ತೊಂದಾದ ಮೇಲೆ ಅವನಿಗೆ ನಾಗಮಂಗಲದ ಕಡೆಯ ಹೊಣಕೆರೆಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ರಂಜಿತ, ಮಂಚಯ್ಯನವರ ಮಗಳು. ವೀಳ್ಯಶಾಸ್ತ್ರದ ದಿನ ಪಡಸಾಲೆ ತುಂಬ ಕೂತಿದ್ದ ನೆಂಟರಲ್ಲಿ ಯಾರೋ ಕೇಳಿದರು, "ಉಡ್ಗ ಏನ್ ಮಾಡ್ಕಂಡವ್ನೆ?"

"ಆಪೀಸಲ್ಲಿ ನಂಬ್ರು ಒತ್ತಾನೆ" ಎಂದು ಅಜ್ಜಿ ಹೇಳುವ ಮುಂಚೆ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

"ಸೈಂಟಿಸ್ಟು" ಎಂದ.

ನೆಂಟರೆಲ್ಲ ಅವನ ಕಡೆ ತಿರುಗಿದರು. ಮಂಚಯ್ಯನವರ ಕಣ್ಣಲ್ಲಿ ಮಾತ್ರ ನೀರು ತುಂಬಿತು. ಅದಕ್ಕೆ ಕಾರಣವಿತ್ತು. ಮೂವತ್ತು ವರ್ಷದಿಂದ ಅವರ ಮನೆ ಪಕ್ಕದ ಬಯಲಿನಲ್ಲಿ ಸರ್ಕಾರದ ಮಳೆಮಾಪಕವೊಂದಿದೆ. ಸುತ್ತ ಮುಳ್ಳುಬೇಲಿ, ಬೇಲಿಗೆ ಬೀಗ, ಬೀಗದ ಕೀಲಿ ಮಂಚಯ್ಯನವರ ಉಡಿದಾರದಲ್ಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬೀಗ ತೆಗೆದು, ಕೂಡಿದ್ದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ರಿಜಿಸ್ಟರಿನಲ್ಲಿ ಬರೆದು, ಮತ್ತೆ ಬೀಗ. ಮೂವತ್ತು ವರ್ಷದಲ್ಲಿ ಒಬ್ಬ ವಿಜ್ಞಾನಿಯೂ ಆ ಬೇಲಿಯ ಹತ್ತಿರ ಸುಳಿದಿರಲಿಲ್ಲ. ಈಗ ಒಬ್ಬ ಅಳಿಯನಾಗಿಯೇ ಬರುತ್ತಿದ್ದಾನೆ!

"ಅಳಿಮಯ್ಯ, ಒಂದ್ ಮಾತು" ಎಂದು ಅವರು ಚಿಕ್ಕಪ್ಪನ ಕೈ ಹಿಡಿದರು. "ನಾಲ್ಕ್ ಊರಿನ ಮಳೆ ಲೆಕ್ಕ ಬರೋ ಶುಕ್ರವಾರ ಐದು ಗಂಟೆ ಒಳಗೆ ಬೆಂಗ್ಳೂರಿಗೆ ಓಗ್ಬೇಕಂತೆ. ನೆಟ್ಟಗಿದ್ರೆ ನಮ್ ಮಾಪಕ ಇಲ್ಲೇ ಉಳೀತದೆ. ಅನುಮಾನ ಬಂದ್ರೆ ಕಿತ್ತು ಬ್ಯಾರೆ ಊರ್ಗೆ ನೆಡ್ತಾರಂತೆ. ನಾನು ಒಂದ್ ದಿನಾನೂ ಸುಳ್ಳು ಬರ್ದೋನಲ್ಲ ಕಣಪ್ಪ."

"ಒಂದ್ ಹನಿ ಚೆಲ್ದಂಗೆ ನಾನೇ ತಲುಪಿಸ್ತೀನಿ ಮಾವ" ಎಂದು ಚಿಕ್ಕಪ್ಪ ತಾಂಬೂಲದ ತಟ್ಟೆ ಮುಟ್ಟಿ ಮಾತು ಕೊಟ್ಟ.

ಧಾರೆ ಮುಂದಿನ ತಿಂಗಳ ಇಪ್ಪತ್ತೆರಡಕ್ಕೆ, ಬಾಡಿನ, ಅಂದರೆ ಮಾಂಸದ, ಬೀಗರ ಊಟ ಮಾರನೆಯ ದಿನ ಇಪ್ಪತ್ತಮೂರಕ್ಕೆ ಎಂದು ಗೊತ್ತುಮಾಡಿ ಎಲ್ಲರೂ ಪಾಯಸ ಕುಡಿದರು.

ಸೋಮವಾರ ಬೆಳಿಗ್ಗೆ ಕೇಂದ್ರದ ನಿಜವಾದ ವಿಜ್ಞಾನಿ ಹೇಮಶ್ರೀ ಮೇಡಂ ಐದು ದಿನದ ತರಬೇತಿಗೆಂದು ಮೈಸೂರಿಗೆ ಹೊರಟರು. ಹೊರಡುವ ಮುನ್ನ ಚಿಕ್ಕಪ್ಪನನ್ನು ಕರೆದು ಕೂರಿಸಿಕೊಂಡು, ಮಗುವಿಗೆ ಔಷಧಿ ಹೇಳುವಂತೆ ಹೇಳಿದರು.

"ನೋಡಿ ನಾಗರಾಜು. ಫೈಲಲ್ಲಿ ಮಳೆ ಅಂಕಿಗಳು ಅಕ್ಷರದ ರೂಪದಲ್ಲಿ ಕೂತಿವೆ. ನಮ್ಮ ಕಣ್ಣಿಗೆ ಅಂಕಿ, ಕಂಪ್ಯೂಟರಿಗೆ ಅವು ಬರೀ ಅಕ್ಷರ. ಕೂಡಕ್ಕಾಗಲ್ಲ, ಕಳೆಯಕ್ಕಾಗಲ್ಲ. ಅವನ್ನ ಸಂಖ್ಯೆಗಳಾಗಿ ಬದಲಾಯಿಸಬೇಕು. ಬದಲಾಯಿಸೋವಾಗ ಯಾವ ಸೈಜಿನ ಡಬ್ಬಿ ಅಂತ ಕೇಳತ್ತೆ. ದೊಡ್ಡದು, ಮಧ್ಯದ್ದು, ಚಿಕ್ಕದು ಅಂತ ಮೂರಿರತ್ತೆ. ನೀವು ಮಧ್ಯದ್ದನ್ನ ಒತ್ತಿ. ಹಳೇ ಫೈಲನ್ನ ಬೇರೆ ಕಡೆ ಎತ್ತಿಡಿ. ಎರಡೇ ಮಾತು, ನೆನಪಿರತ್ತಲ್ಲ?"

"ಸೈಂಟಿಫಿಕ್ಕಾಗಿ ಮಾಡ್ತೀನಿ ಮೇಡಂ."

ಮೇಡಂ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದರು.

ಆ ಎರಡು ಮಾತನ್ನೂ ಚಿಕ್ಕಪ್ಪ ಮೀರಿದ. ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ಮನೆತನದಿಂದ. ನಮ್ಮ ಮನೆಯಲ್ಲಿ ಅಜ್ಜಿಯದೊಂದು ಶಾಸನವಿದೆ. ಚೂರು ಸಾರು ಉಳಿದರೆ ಅದನ್ನು ದೊಡ್ಡ ಪಾತ್ರೆಯಲ್ಲಿ ಬಿಡಕೂಡದು, ಹಿಡಿಯುವಷ್ಟು ಚಿಕ್ಕ ಪಾತ್ರೆಗೆ ಬಗ್ಗಿಸಬೇಕು, ದೊಡ್ಡದನ್ನು ಆ ಗಳಿಗೆಯೇ ತೊಳೆದು ಬೋರಲು ಹಾಕಬೇಕು. ಈ ಶಾಸನದಡಿ ಮೂವತ್ತೊಂದು ವರ್ಷ ಬಾಳಿದ ಮನುಷ್ಯ ಕಂಪ್ಯೂಟರ್ ಮುಂದೆ ಕೂತು ಯೋಚಿಸಿದ. ಚಿಕ್ಕ ಡಬ್ಬಿಯಲ್ಲಿ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಹಿಡಿಯುತ್ತದೆ. ಮೂವತ್ತು ವರ್ಷದಲ್ಲಿ ಯಾವ ಊರಲ್ಲೂ ದಿನಕ್ಕೆ ಅಷ್ಟು ಮಿಲಿಮೀಟರ್ ಮಳೆ ಬಿದ್ದದ್ದಿಲ್ಲ. ಹಾಗಿರುವಾಗ ಸರ್ಕಾರದ ಸೊತ್ತನ್ನು ದೊಡ್ಡ ಡಬ್ಬಿಯಲ್ಲಿ ತುಂಬಿಡುವುದು ಯಾವ ನ್ಯಾಯ?

ಚಿಕ್ಕದನ್ನೇ ಒತ್ತಿದ. ಮಳೆಯೆಲ್ಲ ಬಗ್ಗಿತು. ಹಳೇ ಫೈಲನ್ನು ಅಳಿಸಿ, ಅಂದರೆ ತೊಳೆದು ಬೋರಲು ಹಾಕಿ, ಎಲೆ ಅಡಿಕೆ ಹಾಕಿಕೊಂಡ. ಸಂಜೆ ಮನೆಗೆ ಬಂದವನು "ಅವ್ವಾ, ಮೂವತ್ ವರ್ಷದ ಮಳೆನ ಕಾಲು ಭಾಗಕ್ಕೆ ಇಳಿಸ್ಬುಟ್ಟೆ" ಎಂದ.

"ಇಳಿಸ್ಬ್ಯಾಡ ಕಣ್ಲಾ, ಒಸಿ ಜಾಸ್ತಿನೇ ಬರ್ಲಿ" ಎಂದಳು ಅಜ್ಜಿ, ರಾಗಿ ಹಿಟ್ಟು ಜರಡಿ ಹಿಡಿಯುತ್ತ.

ಅಜ್ಜಿಯ ಬಾಯಿಹರಕೆ ಫಲಿಸಿತು.

ಬುಧವಾರ ಬೆಳಿಗ್ಗೆ ಕೇಂದ್ರದ ಕಂಪ್ಯೂಟರು ಹೊಸ ಫೈಲನ್ನು ಓದಿಕೊಂಡು ತಾನಾಗಿಯೇ ನಾಲ್ಕು ತಾಲ್ಲೂಕುಗಳ ನಕ್ಷೆಗೆ ಬಣ್ಣ ಬಳಿಯಿತು. ಶ್ರೀರಂಗಪಟ್ಟಣ ತಿಳಿ ಹಸಿರು. ಪಾಂಡವಪುರ ತಿಳಿ ಹಸಿರು. ಕೆ.ಆರ್. ಪೇಟೆಯ ಹೊಸಹೊಳಲು ಮಾಸಲು ಹಳದಿ. ಹೊಣಕೆರೆ ಮಾತ್ರ ಕಡು ನೇರಳೆ, ಬದನೆಕಾಯಿಯ ಹಾಗೆ. ಮೂವತ್ತು ವರ್ಷದಲ್ಲಿ ಇನ್ನೂರ ಹದಿಮೂರು ದಿನ ಅಲ್ಲಿ ಮೋಡ ಒಡೆದು ಬಿದ್ದಿತ್ತು. ಪ್ರತಿ ಸಲವೂ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ, ನೂರೈವತ್ತೇಳೇ ಮಿಲಿಮೀಟರ್. ಕೊನೆಯದು ಹೋದ ತಿಂಗಳ ಹದಿನಾರನೇ ತಾರೀಖು.

ನಕ್ಷೆ ನಾಗಮಂಗಲದ ತಾಲ್ಲೂಕು ಕಚೇರಿಗೂ ಹೋಗುತ್ತದೆ. ಅಲ್ಲಿ ದೊಡ್ಡವರೊಬ್ಬರು ಅದನ್ನು ನೋಡಿ, "ನಮ್ಮ ಹೋಬಳಿ ಮುಳುಗಿ ತಿಂಗಳಾಯ್ತು, ನನಗೆ ಒಬ್ಬರೂ ಹೇಳಲಿಲ್ಲವಲ್ಲ!" ಎಂದು ಮೇಜು ಗುದ್ದಿದರಂತೆ. ಮಧ್ಯಾಹ್ನದ ಹೊತ್ತಿಗೆ ರೆವಿನ್ಯೂ ಇನ್ಸ್‌ಪೆಕ್ಟರ್ ತಮ್ಮಯ್ಯ ಉರಿಬಿಸಿಲಲ್ಲಿ ರೇನ್‌ಕೋಟು ತೊಟ್ಟು, ಬೈಕಿನ ಹಿಂದೆ ಹಗ್ಗದ ಸುರುಳಿ ಕಟ್ಟಿಕೊಂಡು ಹೊಣಕೆರೆಯ ನರಸಯ್ಯನ ಟೀ ಅಂಗಡಿ ಮುಂದೆ ಇಳಿದರು. ಮುಂದಿನದನ್ನು ನರಸಯ್ಯನೇ ನಮಗೆ ಎದ್ದು ನಿಂತು ಅಭಿನಯಿಸಿ ತೋರಿಸಿದ್ದಾನೆ.

"ಏನ್ ಸಾ, ಈ ಬಿಸಿಲಲ್ಲಿ ರೇನ್‌ಕೋಟು?"

"ನಾಟಕ ಬೇಡ ನರಸಯ್ಯ. ಹದಿನಾರನೇ ತಾರೀಖು ಊರಲ್ಲಿ ಏನಾಯ್ತು?"

ನರಸಯ್ಯ ಯೋಚಿಸಿದ. "ಹದ್ನಾರಾ? ಅವತ್ತು ಊರಲ್ಲಿ ಯಾರೂ ಇರ್ನಿಲ್ಲ ಸಾ. ಆಸಾಮಿಗಳೆಲ್ಲ ಮನೆಗೆ ಬೀಗ ಜಡ್ಕಂಡು ಬೆಳಗ್ಗೇನೇ ಓಗ್ಬುಟ್ಟಿದ್ದೋ."

ತಮ್ಮಯ್ಯ ಬರೆದುಕೊಂಡರು: *ಗ್ರಾಮಸ್ಥರು ಮುಂಜಾನೆಯೇ ಗ್ರಾಮ ತೊರೆದಿದ್ದಾರೆ.*

"ಎಲ್ಲಿಗೆ ಹೋದ್ರಿ?"

"ಕಲ್ಯಾಣ ಮಂಟಪುಕ್ಕೆ."

*ಕಲ್ಯಾಣ ಮಂಟಪದಲ್ಲಿ ಆಶ್ರಯ ಪಡೆದಿದ್ದಾರೆ.*

"ಹೇಗೆ ಹೋದ್ರಿ?"

"ಟ್ರಾಕ್ಟರಲ್ಲಿ ಸಾ. ಎಂಗಸ್ರು ಮಕ್ಳನ್ನ ಮೊದ್ಲು ಅತ್ತಿಸಿ ಕಳಿಸ್ದೋ. ಆಮ್ಯಾಕೆ ಗಂಡಸ್ರು."

ತಮ್ಮಯ್ಯನವರಿಗೆ ಹೆಮ್ಮೆಯಾಯಿತು. *ಗ್ರಾಮಸ್ಥರ ಶಿಸ್ತು ಶ್ಲಾಘನೀಯ.* "ಅಲ್ಲಿ ಊಟದ ವ್ಯವಸ್ಥೆ?"

"ಅಯ್ಯೋ ಅದ್ನೇನ್ ಕೇಳ್ತೀರಿ! ಮುದ್ದೆ, ಬಾಡಿನ ಸಾರು, ಚಾಪೀಸು, ಬೋಟಿ ಗೊಜ್ಜು. ಮೂರ್ ಪಂಕ್ತಿ ಎದ್ರೂ ಸಾರು ಮುಗೀನಿಲ್ಲ."

ತಮ್ಮಯ್ಯನವರ ಪೆನ್ನು ಅರೆಗಳಿಗೆ ನಿಂತಿತಂತೆ. ಸರ್ಕಾರದ ಗಂಜಿ ಕೇಂದ್ರದಲ್ಲಿ ಬೋಟಿ ಗೊಜ್ಜು ಅವರು ಕಂಡದ್ದಿಲ್ಲ. ಆದರೂ *ಗಂಜಿ ಕೇಂದ್ರ ತೃಪ್ತಿಕರ* ಎಂದು ಬರೆದು, ಹಗ್ಗದ ಸುರುಳಿಯನ್ನು ಮುಂದಿನ ಸಲಕ್ಕೆ ಇರಲೆಂದು ನರಸಯ್ಯನಿಗೇ ಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಆ ಹಗ್ಗದಲ್ಲಿ ಈಗ ನರಸಯ್ಯನ ಎಮ್ಮೆ ಇದೆ.

ಹೀಗೆ ಬೆಳಿಗ್ಗೆ ಫೈಲಿನಲ್ಲಿದ್ದ ನೆರೆಗೆ ಸಂಜೆಯ ಹೊತ್ತಿಗೆ ಸಾಕ್ಷಿಯೂ ಸಿಕ್ಕಿತು, ಸಹಿಯೂ ಬಿತ್ತು.

ಗುರುವಾರ ಮೇಡಂ ಇಲ್ಲದ ಕೇಂದ್ರದಲ್ಲಿ ಚಿಕ್ಕಪ್ಪನೇ ಯಜಮಾನ. ಮೇಡಂ ಕುರ್ಚಿಯಲ್ಲಿ ಕೂತಿದ್ದ. ಹತ್ತಕ್ಕೆ ಸರಿಯಾಗಿ ಹೊಸಹೊಳಲಿನಿಂದ ನಿವೃತ್ತ ಮೇಷ್ಟ್ರು ಶ್ರೀನಿವಾಸಮೂರ್ತಿಗಳು ಬಂದರು. ಅಲ್ಲಿನ ಮಳೆಮಾಪಕ ಓದುವವರು ಅವರು. ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ. ಸ್ವಂತ ಮದುವೆಯ ಬೆಳ್ಳಿಹಬ್ಬದ ದಿನವೂ ಹೆಂಡತಿ ರುಕ್ಮಿಣಮ್ಮನವರನ್ನು ಆರತಿ ತಟ್ಟೆಯ ಮುಂದೆ ಬಿಟ್ಟು ಅಳತೆ ಗ್ಲಾಸು ಹಿಡಿದು ಹೋದವರು.

"ಏನಯ್ಯಾ ಇದು!" ಎಂದು ಅವರು ಕೊಡೆಯಿಂದ ನಕ್ಷೆಯನ್ನು ತಿವಿದರು. "ಹೊಣಕೆರೆಯಲ್ಲಿ ಇನ್ನೂರ ಹದಿಮೂರು ಸಲ ಆಕಾಶ ಹರಿದು ಬಿದ್ದಿದೆ. ಪಕ್ಕದ ತಾಲ್ಲೂಕಿನ ನನ್ನ ಮಾಪಕಕ್ಕೆ ಒಂದು ಸಲವೂ ಇಲ್ಲ! ಊರಲ್ಲಿ ಏನಂತಾರೆ ಗೊತ್ತಾ? ಮೇಷ್ಟ್ರು ಮಾಪಕದ ಮೇಲೆ ಕೊಡೆ ಹಿಡಿದಿರಬೇಕು ಅಂತಾರೆ. ನನ್ನ ಹೆಂಡತಿಯೇ ಅನುಮಾನ ಪಡ್ತಾಳೆ!"

"ಮಳೆ ಸ್ಥಳೀಯ ಸಾರ್" ಎಂದ ಚಿಕ್ಕಪ್ಪ, ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ. "ಸೈನ್ಸಲ್ಲಿ ಇದಕ್ಕೆ ಮೇಘಸ್ಫೋಟ ಅಂತೀವಿ. ಕೆಲವು ಊರಿಗೆ ಯೋಗ ಇರ್ತದೆ."

"ಯೋಗ! ಸೈನ್ಸಲ್ಲಿ ಯೋಗ!" ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ನಡೆದರು.

ಅಷ್ಟರಲ್ಲಿ ಫೋನು. ಮೈಸೂರಿನಿಂದ ಮೇಡಂ. ಪಾಠದ ಮಧ್ಯದಿಂದ ಎದ್ದು ಬಂದಿದ್ದರಂತೆ, ಪಿಸುಗುಟ್ಟುತ್ತಿದ್ದರು. "ನಾಗರಾಜು, ಬೆಂಗಳೂರಿನವರು ನಕ್ಷೆ ನೋಡಿದಾರೆ. ಹೊಣಕೆರೆ ಅಂಕಿ ನಂಬೋ ಹಾಗಿಲ್ಲ, ಓದುವವರು ಏನೇನೋ ಬರೆದಿದ್ದಾರೆ, ನಾಳೆ ಸಂಜೆ ಒಳಗೆ ಸರಿಯಾದ ವಿವರಣೆ ಬರದಿದ್ರೆ ಮಾಪಕ ಕೀಳಿಸ್ತೀವಿ ಅಂತಿದಾರೆ. ನಾನು ಬಿಟ್ಟು ಬರೋ ಹಾಗಿಲ್ಲ. ಅವರನ್ನ ಕರೆಸಿ ರಿಜಿಸ್ಟರ್ ನೋಡಿ."

ಕರೆಸುವ ಅಗತ್ಯವೇ ಬೀಳಲಿಲ್ಲ. ಸುದ್ದಿ ಕೇಳಿದ ಮಂಚಯ್ಯನವರು ಮೂವತ್ತು ರಿಜಿಸ್ಟರುಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿಳಿದೇ ಬಿಟ್ಟಿದ್ದರು. ಚೀಲವನ್ನು ದೊಪ್ಪನೆ ಮೇಜಿನ ಮೇಲೆ ಇಳಿಸಿದರು.

"ಅಳಿಮಯ್ಯ, ನೂರೈವತ್ತೇಳು ಅಂತ ನಾನೆಲ್ಲಿ ಬರ್ದಿವ್ನಿ? ತಗುದ್ ನೋಡು."

ಇಲ್ಲಿ ಚಿಕ್ಕಪ್ಪ ಒಂದು ರಿಜಿಸ್ಟರು ತೆಗೆದಿದ್ದರೆ ಈ ಕಥೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಕುರ್ಚಿ ಮೇಡಂದು, ಮಾತು ಸೈಂಟಿಸ್ಟಿನದು, ಎದುರಿಗೆ ನಿಂತವರು ಮಾವ. ಅವನು ಚೀಲವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದ.

"ಬುಡಿ ಮಾವ. ಕೈ ಬರಹದಲ್ಲಿ ಹೆಚ್ಚು ಕಮ್ಮಿ ಇರ್ತದೆ. ಕಂಪ್ಯೂಟ್ರು ಸುಳ್ಳೇಳಲ್ಲ."

ಮಂಚಯ್ಯನವರು ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದರ ಬಾಯಿ ಕಟ್ಟಿದರು. ಹೆಗಲಿಗೇರಿಸಿದರು.

"ಅಂಗಂದ್ರೆ ಸುಳ್ಳೇಳಿದೋನು ನಾನು ಅಂತಾಯ್ತು. ಸರಿ ಕಣಪ್ಪ. ನನ್ ಮಳೆ ನೆಟ್ಟಗಾಗೋಗಂಟ ನನ್ ಮಗಳ ಲಗ್ನ ಇಲ್ಲ. ನಿನ್ ಕಂಪ್ಯೂಟ್ರನ್ನೇ ಕಟ್ಕಂಡು ಓಗು."

ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಟೇಹೋದರು. ಚಿಕ್ಕಪ್ಪ ಕುರ್ಚಿಯಿಂದ ಇಳಿದು ಸ್ಟೂಲಿನ ಮೇಲೆ ಕೂತ.

ಸಂಜೆ ಮನೆಗೆ ಬಂದವನ ಮುಖ ಬೆಂದ ಗೆಣಸಿನಂತಿತ್ತು. ಅಜ್ಜಿ ಕಾರಣ ಕೇಳಲಿಲ್ಲ, ಹೊಣಕೆರೆಯಿಂದ ಸುದ್ದಿ ಆಗಲೇ ಮುಟ್ಟಿತ್ತು. ಅವನ ಚೀಲದಲ್ಲಿದ್ದ ನೂರೈವತ್ತೇಳರ ದಿನಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಓದವ್ವ ಚಿನ್ನು, ಯಾವ್ಯಾವತ್ತು ಬಂತಂತೆ ಆ ಹಾಳು ಮಳೆ" ಎಂದಳು. ನಾನು ಈಚಿನ ಎರಡು ವರ್ಷದ ತಾರೀಖುಗಳನ್ನು ಓದಿದೆ. ಗೋಡೆಗೆ ನೇತುಹಾಕಿದ್ದ ಹಳೇ ಕ್ಯಾಲೆಂಡರುಗಳನ್ನು ಅಜ್ಜಿ ಎಂದೂ ಎಸೆಯುವವಳಲ್ಲ, ಒಂದರ ಮೇಲೊಂದು ಮೊಳೆಗೆ ಏರಿಸುತ್ತಾಳೆ. ಒಂದೊಂದೇ ತಾರೀಖಿನ ಮೇಲೆ ಬೆರಳಿಡುತ್ತ ಬಂದಳು.

"ಆಸಾಡ್ದಲ್ಲಿ ಒಂದೂ ಇಲ್ವಲ್ಲ."

"ಇಲ್ಲ ಅಜ್ಜಿ."

"ಸ್ರಾವಣ?"

"ಇಲ್ಲ."

"ಸೋಮವಾರ ಒಂದೂ ಇಲ್ಲ, ಸನಿವಾರ ಒಂದೂ ಇಲ್ಲ. ಆಸಾಡ್ದಲ್ಲಿ ಬಿಟ್ಟು ವೈಸಾಕದ ಬ್ಯಾಸಗೇಲಿ ಸುರಿಯೋದು, ಅದ್ರಲ್ಲೂ ಸೋಮವಾರ ಸನಿವಾರ ಬಾಡು ಮುಟ್ಟದ ಮಳೆ ಇದ್ಯಾವ್ದ್ಲಾ ನಾಗರಾಜು?"

ಚಿಕ್ಕಪ್ಪ ತಲೆಯೆತ್ತಿದ.

"ಹದ್ನಾರು, ನಮ್ಮ ಸೋಮಮ್ಮನ ಮಗಳ ಬೀಗ್ರೂಟ. ಅದ್ರ ಇಂದ್ಲದು ಸೋಮಮ್ಮನ ಮೈದುನುಂದು, ಅವತ್ತು ಉಪ್ಪು ಒಸಿ ಮುಂದಾಗಿತ್ತು. ಅದ್ರ ಇಂದ್ಲದು ಕುಳ್ಳೇಗೌಡನ ಮೊಮ್ಮಗಂದು. ಇವೆಲ್ಲ ಮಳೆ ಅಲ್ಲ ಕಣ್ಲಾ, ಊಟ!"

ಅಜ್ಜಿಯ ತವರೂ ಹೊಣಕೆರೆ. ಆ ಸೀಮೆಯ ಬೀಗರ ಊಟಗಳು ಅವಳಿಗೆ ಸಾರಿನ ರುಚಿಯ ಸಮೇತ ಬಾಯಿಪಾಠ. ಚಿಕ್ಕಪ್ಪ ರಂಜಿತಳಿಗೆ ಫೋನು ಮಾಡಿ, ಬೀಗರ ಊಟದ ದಿನ ಮಾಪಕಕ್ಕೆ ಏನಾಗುತ್ತದೆ ಎಂದು ಕೇಳಿದ.

"ನಿಮ್ಗೆ ಗೊತ್ತಿಲ್ವಾ?" ಎಂದಳು ರಂಜಿತ. "ಬೀಗ್ರೂಟದ ದಿನ ಅಪ್ಪ ಕತ್ಲಲ್ಲೇ ಎದ್ದು ಓಗ್ಬುಡ್ತಾರೆ. ಅವ್ರು ಉಪ್ಪು ನೋಡ್ದೆ ಯಾರೂ ಬಾಡಿನ ಕೊಳದಪ್ಪಲೆ ಇಳಿಸಲ್ಲ. ಕೀಲಿ ಅವ್ರ ಉಡಿದಾರದಲ್ಲೇ ಓಗ್ತದೆ. ಇನ್ನ ಮಾಪಕ ನೋಡೋರ್ಯಾರು? ನೋಡ್ದೇ ಇದ್ದ ದಿನ ಮೈನಸ್ ತೊಂಬತ್ತೊಂಬತ್ತು ಅಂತ ಬರೀಬೇಕು ಅಂತ ನಿಮ್ಮ ಆಪೀಸಿನೋರೇ ಯೋಳ್ಕೊಟ್ಟವ್ರೆ. ಮೈನಸ್ ಮಳೆ ಅಂತ ಬರಲ್ವಲ್ಲ, ಅದುಕ್ಕೆ ಗುರುತಾಗ್ಲಿ ಅಂತ."

ಆ ಮೈನಸ್ ಗೆರೆಯನ್ನು ಎಷ್ಟೋ ಸಲ ತಾನೇ ಒತ್ತಿದ್ದರೂ ಅದೂ ಅಂಕಿಯ ಭಾಗವೆಂದು ಚಿಕ್ಕಪ್ಪನಿಗೆ ಹೊಳೆದಿರಲಿಲ್ಲ. ಮುಂದಿನ ಫೋನು ಮೈಸೂರಿಗೆ, ಸ್ಪೀಕರ್ ಹಾಕಿ. ಮೇಡಂ ಒಂದೇ ಪ್ರಶ್ನೆ ಕೇಳಿದರು. "ಯಾವ ಡಬ್ಬಿ ಒತ್ತಿದ್ರಿ?"

"ಚಿಕ್ಕದು ಮೇಡಂ. ಹಿಡೀತದೆ ಅಂತ..."

"ಅಯ್ಯೋ ರಾಮ. ಚಿಕ್ಕ ಡಬ್ಬೀಲಿ ಮೈನಸ್ಸಿಗೆ ಜಾಗವೇ ಇಲ್ಲ ಕಣ್ರೀ! ಗಾಡಿಯ ಕಿಲೋಮೀಟರ್ ಚಕ್ರ ನೆನೆಸ್ಕೊಳ್ಳಿ. ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದ್ರೆ ಸೊನ್ನೆಗಿಂತ ಕೆಳಗೆ ಹೋಗಲ್ಲ, ಸುತ್ತಿ ಮೇಲಿನ ದೊಡ್ಡ ಅಂಕಿಗೆ ಹೋಗಿ ನಿಲ್ಲತ್ತೆ. ಈ ಚಕ್ರಕ್ಕೆ ಇನ್ನೂರೈವತ್ತಾರು ಹಲ್ಲು. ಅದರಲ್ಲಿ ತೊಂಬತ್ತೊಂಬತ್ತು ಹಿಂದಕ್ಕೆ ಹೋದ್ರೆ?"

ಚಿಕ್ಕಪ್ಪ ಬೆರಳು ಮಡಿಸತೊಡಗಿದ. ನಾನೇ ಹೇಳಿದೆ, "ನೂರೈವತ್ತೇಳು."

"ಸದ್ಯ, ಹಳೇ ಫೈಲಿಂದ ಮತ್ತೆ ಮಾಡಿಬಿಡಿ" ಎಂದರು ಮೇಡಂ.

"ಅದನ್ನ... ತೊಳೆದು ಬೋರಲು ಹಾಕ್ಬುಟ್ಟೆ ಮೇಡಂ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು. ಆಮೇಲೆ ಮೇಡಂ ನಿಧಾನವಾಗಿ ಹೇಳಿದರು, "ಹಾಗಿದ್ರೆ ಉಳಿದಿರೋದು ಆ ಮನುಷ್ಯನ ರಿಜಿಸ್ಟರ್ ಒಂದೇ. ಹೋಗಿ ಕಾಲಿಗೆ ಬೀಳಿ."

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕಪ್ಪ, ಅಜ್ಜಿ, ನಾನು ಮತ್ತು ಕೇಂದ್ರದ ಲ್ಯಾಪ್‌ಟಾಪು ಹೊಣಕೆರೆಗೆ ಹೋದೆವು. ಎಂಟೂವರೆ. ಮಂಚಯ್ಯನವರು ಬೇಲಿಯೊಳಗೆ ಗ್ಲಾಸು ಎತ್ತಿ ಹಿಡಿದು ಬೆಳಕಿಗೆ ನೋಡುತ್ತಿದ್ದರು. ಸೊನ್ನೆ. ಬರೆದರು. ಬೀಗ ಹಾಕಿದರು. ನಮ್ಮನ್ನು ನೋಡಿಯೂ ನೋಡದವರಂತೆ ಜಗಲಿಗೆ ಬಂದು ಕೂತರು.

ಚಿಕ್ಕಪ್ಪ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಕೊನೆಗೆ, "ಮಾವ, ಇನ್ನೊಂದು. ನಾನು ಸೈಂಟಿಸ್ಟೂ ಅಲ್ಲ. ನಂಬ್ರು ಒತ್ತೋನು."

"ಅದು ನೆನ್ನೆನೇ ಗೊತ್ತಾಯ್ತು ಬುಡು" ಎಂದರು ಮಂಚಯ್ಯನವರು. "ಈಗ ಏನ್ ಮಾಡೀಯೆ?"

"ಸುಲಭ ಮಾವ. ನೂರೈವತ್ತೇಳು ಇರೋ ಕಡೆಯೆಲ್ಲ ಸೊನ್ನೆ ಹಾಕ್ಬುಡ್ತೀನಿ."

ಮಂಚಯ್ಯನವರು ಜಗಲಿಯಿಂದ ಅರ್ಧ ಎದ್ದರು. "ಸೊನ್ನೆ ಅಂದ್ರೆ ಮಳೆ ಬರ್ನಿಲ್ಲ ಅಂತ ಕಣಯ್ಯ! ಬಂತೋ ಬರ್ನಿಲ್ವೋ ನಾನ್ ನೋಡಿಲ್ಲ. ನೋಡ್ದೇ ಇದ್ದದ್ದ ನೋಡ್ದೆ ಅಂತ ಬರ್ಯಕ್ಕೆ ಮೂವತ್ತು ವರ್ಷದಿಂದ ಇಲ್ಲಿ ಕೂತಿವ್ನಾ?"

"ಅಂಗಾರೆ ಎಲ್ಲಾನೂ ಒಂದೇ ಸಲ ಮೈನಸ್ ತೊಂಬತ್ತೊಂಬತ್ತು ಮಾಡ್ಬುಡ್ತೀನಿ. ಡಬ್ಬೀನ ಮಧ್ಯದ್ದುಕ್ಕೆ ಬದ್ಲಾಯಿಸಿವ್ನಿ, ಈಗ ಮೈನಸ್ ಹಿಡೀತದೆ. ಒಂದು ಗುಂಡಿ ಒತ್ತಿದ್ರೆ..."

"ಒತ್ತೀಯೆ, ಒತ್ತೀಯೆ! ಮೂವತ್ ವರ್ಷ ನಾನು ಒಂದೊಂದೇ ದಿನ ಬರ್ದಿವ್ನಿ. ನೀನು ಒಂದೇಟ್ಗೆ ಒತ್ತಿ ಎದ್ದೋಗ್ತೀಯಾ? ರಿಜಿಸ್ಟ್ರು ತಗೀರ್ಲಾ. ಒಂದೊಂದೇ ನೋಡ್ರಿ, ಒಂದೊಂದೇ ಬರೀರಿ."

ಗೊಬ್ಬರದ ಚೀಲ ಬಿಚ್ಚಿತು. ನಾನು ಪಟ್ಟಿಯಿಂದ ತಾರೀಖು ಓದುವುದು. ಅಜ್ಜಿ ಅದು ಯಾರ ಬೀಗರ ಊಟ ಎನ್ನುವುದು. ರಂಜಿತ ರಿಜಿಸ್ಟರು ತೆರೆದು ಮೈನಸ್ ತೊಂಬತ್ತೊಂಬತ್ತನ್ನು ತೋರಿಸುವುದು. ಮಂಚಯ್ಯನವರು ತಲೆಯಾಡಿಸುವುದು. ಆಮೇಲೆಯೇ ಚಿಕ್ಕಪ್ಪ ಒತ್ತುವುದು. ಹತ್ತು ಗಂಟೆಗೆ ಬೀದಿಯ ಜನ ಸೇರಿದರು. ಸುದ್ದಿ ಹಬ್ಬಿ, ತಂತಮ್ಮ ಮನೆಯ ಊಟದ ಸರದಿ ಬಂದಾಗ ಒಬ್ಬೊಬ್ಬರೂ ಮುಂದೆ ಬಂದು ನಿಲ್ಲತೊಡಗಿದರು.

"ನಮ್ ತಂಗೀದು ಬಂತಾ?"

"ಇನ್ನೂ ಎರಡ್ ವರ್ಷ ಇಂದಕ್ಕೋಗ್ಬೇಕು, ತಡ್ಕೊ."

"ಅವತ್ತು ಮುದ್ದೆ ಗಂಟಾಗಿತ್ತು ಕಣವ್ವ, ಅದೂ ಬರ್ಕಳಿ" ಎಂದ ನರಸಯ್ಯ.

"ಯಾವನ್ಲಾ ಅದು ಗಂಟು ಅಂದೋನು! ಮುದ್ದೆ ತೊಳಸಿದ್ದು ನಾನು!"

ಅಜ್ಜಿ ಎಲ್ಲರ ಬಾಯಿ ಮುಚ್ಚಿಸಿ ಮುಂದಿನ ಹೆಸರು ಹೇಳುತ್ತಿದ್ದಳು. ಇನ್ನೂರು ದಾಟಿದಾಗ ಮೂರೂವರೆ. ಇನ್ನೂರ ಹನ್ನೆರಡು ಮುಗಿದಾಗ ನಾಲ್ಕು ಮುಕ್ಕಾಲು. ಲ್ಯಾಪ್‌ಟಾಪಿನ ಬ್ಯಾಟರಿ ಕೆಂಪಗಾಗಿತ್ತು, ಕರೆಂಟು ಹೋಗಿ ಗಂಟೆಯಾಗಿತ್ತು. ಉಳಿದದ್ದು, ರಿಜಿಸ್ಟರಿನ ಹಾಳೆಗಳು ಅಂಟಿಕೊಂಡಿವೆಯೆಂದು ಕೊನೆಗೆ ಬಿಟ್ಟಿದ್ದ, ಇಪ್ಪತ್ತಾರು ವರ್ಷ ಹಿಂದಿನ ಒಂದೇ ಒಂದು. ನಾನು ತಾರೀಖು ಓದಿದೆ.

ಅಜ್ಜಿ ಬೆರಳು ಮಡಿಸಿದಳು, ಬಿಚ್ಚಿದಳು. "ಇದು ಸನಿವಾರ. ಅದೂ ಆಸಾಡ. ಇದ್ಯಾವ್ ಊಟವೋ ನಂಗೆ ನೆಪ್ಪಿಲ್ಲ."

"ಯಾವ್ದೋ ಒಂದು ಅವ್ವ, ಹೊತ್ತಾಯ್ತು!" ಎಂದು ಚಿಕ್ಕಪ್ಪ ಮೈನಸ್ಸಿನ ಗುಂಡಿಯ ಮೇಲೆ ಬೆರಳಿಟ್ಟ.

"ಮುಟ್ಟಬ್ಯಾಡಿ!" ರಂಜಿತ ಅವನ ಕೈ ಹಿಡಿದುಬಿಟ್ಟಳು. ಮದುವೆಗೆ ಮುಂಚೆ, ಇಡೀ ಬೀದಿಯ ಎದುರಿಗೆ. ಇನ್ನೊಂದು ಕೈಯಲ್ಲಿ ತೆರೆದ ರಿಜಿಸ್ಟರಿತ್ತು. ನೀಲಿ ಮಸಿ ಅಲ್ಲಲ್ಲಿ ನೀರು ಬಿದ್ದು ಹರಡಿತ್ತು, ಆದರೂ ಸ್ಪಷ್ಟವಾಗಿತ್ತು: ನೂರೈವತ್ತೇಳು. ಮೈನಸ್ ಇರಲಿಲ್ಲ.

ಮಂಚಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಮಳೆ ಕಣಪ್ಪ. ನಿಜವಾದ ಮಳೆ. ಗ್ಲಾಸು ತುಂಬಿ ತುಂಬಿ ಚೆಲ್ಲಿ ಎಂಟ್ ಸಲ ಅಳೆದೆ. ಎಂಟ್ನೇ ಗ್ಲಾಸು ಕೈಯಲ್ಲಿರೋವಾಗ ಸೂಲಗಿತ್ತಿ ಬಾಗ್ಲಿಗ್ ಬಂದು ಎಣ್ಣು ಮಗಾ ಅಂತ ಕೂಗಿದ್ಲು. ಅಳೆಯೋದು ಮುಗಿಸ್ಕಂಡೇ ಒಳಗೋದೆ. ಇವ್ಳವ್ವ ಅದುಕ್ಕೆ ಇವತ್ತಿಗೂ ಬಯ್ತಾಳೆ."

ಚಿಕ್ಕಪ್ಪ ಬೆರಳನ್ನು ಗುಂಡಿಯಿಂದ ಮೆಲ್ಲಗೆ ಎತ್ತಿದ. ಆ ಒಂದು ನೂರೈವತ್ತೇಳು ಹಾಗೇ ಉಳಿಯಿತು.

ನಾಲ್ಕು ಐವತ್ನಾಲ್ಕು. ಈ ಸಲ ಅವನು ಮೊದಲು ಫೈಲಿನ ಇನ್ನೊಂದು ಪ್ರತಿ ಎತ್ತಿಟ್ಟ. ಅದನ್ನು ಮೂರು ಸಲ ನೋಡಿದ ಮೇಲೆ ಕಳಿಸುವ ಗುಂಡಿ ಒತ್ತಿದ. ಬೀದಿಯೆಲ್ಲ ಬಗ್ಗಿ ಪರದೆಯ ಮೇಲಿನ ಗೆರೆ ತುಂಬುವುದನ್ನೇ ನೋಡಿತು. ಗೆರೆ ತುಂಬಿತು. ಬ್ಯಾಟರಿ ಸತ್ತಿತು. ಎರಡರಲ್ಲಿ ಯಾವುದು ಮೊದಲಾಯಿತೋ ತಿಳಿಯದೆ ಎಲ್ಲರೂ ಕಂಗಾಲಾಗಿ ಕೂತಿರುವಾಗ ಚಿಕ್ಕಪ್ಪನ ಮೊಬೈಲು ಗುಂಯ್ಗುಟ್ಟಿತು. ಮೇಡಂ ಎರಡು ಪದ ಕಳಿಸಿದ್ದರು: ಬಂತು. ಸರಿಯಿದೆ.

"ಒಂದ್ ಹನಿನೂ ಚೆಲ್ಲಿಲ್ವಾ?" ಎಂದರು ಮಂಚಯ್ಯನವರು.

"ಇಲ್ಲ ಮಾವ. ಬಂದಿದ್ದು ಬಂದಂಗೆ, ನೋಡ್ದೇ ಇದ್ದದ್ದು ನೋಡ್ದೇ ಇದ್ದಂಗೆ."

ಮಂಚಯ್ಯನವರು ಈ ವರ್ಷದ ರಿಜಿಸ್ಟರು ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು, ಮುಂದಿನ ತಿಂಗಳ ಹಾಳೆ ತಿರುವಿದರು. ಬೀಗರ ಊಟಕ್ಕೆ ಗೊತ್ತಾಗಿದ್ದ ಇಪ್ಪತ್ತಮೂರನೇ ತಾರೀಖಿನ ಎದುರಿಗೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಮುಂಗಡವಾಗಿ, ಮೈನಸ್ ತೊಂಬತ್ತೊಂಬತ್ತು ಎಂದು ಬರೆದರು. ಅಳಿಯನ ಕಣ್ಣಿಗೆ ಬೀಳಲಿ ಎಂದು ಮೈನಸ್ಸಿನ ಗೆರೆಯನ್ನು ಸ್ವಲ್ಪ ಉದ್ದವಾಗಿಯೇ ಎಳೆದರು.